ಕ್ಯಾಂಪಸ್‌ನಲ್ಲಿ ಶಿಲ್ಪ: ಗೇಟಿನ ಸರ್ಕಲ್‌ನಲ್ಲೋ, ಕಾಲುದಾರಿಯಲ್ಲೋ?

ಪ್ರಶ್ನೆ (ಕಲಾ ಶಿಕ್ಷಕಿ, ಕಲಬುರಗಿ)
ನಮ್ಮ ಕ್ಯಾಂಪಸ್‌ನಲ್ಲಿ ಶಿಲ್ಪ ಮಾಡಿಸಲು ಹಣ ಮಂಜೂರಾಗಿದೆ. ಗೇಟಿನ ಸರ್ಕಲ್‌ನಲ್ಲಿ ಫೈಬರ್ ಮೂರ್ತಿ ನಿಲ್ಲಿಸೋಣ ಅನ್ನುವುದು ಕಮಿಟಿಯವರ ಮಾತು. ನನಗೆ ಮನಸ್ಸೊಪ್ಪುತ್ತಿಲ್ಲ. ಅಲ್ಲಿ ಗಾಡಿಗಳು ತಿರುಗುತ್ತವೆ, ನಿಂತು ನೋಡುವವರು ಯಾರು? ಹಾಸ್ಟೆಲ್‌ನಿಂದ ಲೈಬ್ರರಿಗೆ ಮಕ್ಕಳೇ ತುಳಿದು ಮಾಡಿದ ಕಾಲುದಾರಿ ಒಂದಿದೆ. ಎರಡು ಬೇವಿನ ಮರಗಳ ನಡುವೆ ಹಾದು ಬೋರ್‌ವೆಲ್ ಹತ್ತಿರ ಬಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಎಲ್ಲರೂ ಆ ನೆರಳಿಗೇ ಬರುತ್ತಾರೆ. ಏನೇ ಮಾಡಿದರೂ ಆ ದಾರಿಯಲ್ಲೇ ಮಾಡಬೇಕು ಅಂತ ನನ್ನ ಆಸೆ. ಶಹಾಬಾದ್ ಕಲ್ಲು ಆಗುತ್ತದಾ? ಕಮಿಟಿಗೆ ತೋರಿಸಲು ಉದಾಹರಣೆ ಇದೆಯಾ?

ಉತ್ತರ 1 (ಆರ್ಕಿಟೆಕ್ಟ್)
ಇದೆ ಮೇಡಂ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟುವರ್ಟ್ ಕಲೆಕ್ಷನ್ ನೋಡಿ, ಕ್ಯಾಂಪಸ್ ತುಂಬ ಹರಡಿದ ಕಲಾಕೃತಿಗಳ ಸಂಗ್ರಹ ಅದು. ಅಲ್ಲಿನ ಕೃತಿಗಳೆಲ್ಲ ಆಯಾ ಜಾಗಕ್ಕೆಂದೇ ಯೋಚಿಸಿ ಮಾಡಿದವು. ಕಲಾವಿದೆ ಅಲೆಕ್ಸಿಸ್ ಸ್ಮಿತ್ 1992ರಲ್ಲಿ ಮಾಡಿದ ‘ಸ್ನೇಕ್ ಪಾತ್’ ನಿಮ್ಮದಕ್ಕೆ ತುಂಬಾ ಹತ್ತಿರ. 560 ಅಡಿ ಉದ್ದದ ಹಾವಿನ ಆಕಾರದ ದಾರಿ, ಲೈಬ್ರರಿ ಕಡೆಗೆ ಗುಡ್ಡ ಹತ್ತುತ್ತದೆ. ಮೈತುಂಬ ಬಣ್ಣಬಣ್ಣದ ಸ್ಲೇಟ್ ಕಲ್ಲಿನ ಆರು ಮೂಲೆಯ ಬಿಲ್ಲೆಗಳು. ಮಕ್ಕಳು ಅದರ ಮೇಲೇ ನಡೆದು ಓದಲು ಹೋಗುತ್ತಾರೆ. ಕಮಿಟಿಗೆ ಇದರ ಫೋಟೋ ತೋರಿಸಿ, ಜಾಸ್ತಿ ಮಾತೇ ಬೇಡ.

ಉತ್ತರ 2 (ಕಲ್ಲು ಹಾಸುವ ಕೆಲಸ, ಶಹಾಬಾದ್)
ಕಲ್ಲು ಆಗುತ್ತದೆ ಅಕ್ಕಾವ್ರೇ. ಆದರೆ ಅದು ಪದರ ಪದರವಾಗಿ ಬರುವ ಸುಣ್ಣದ ಕಲ್ಲು. ನಿಂತ ಮೂರ್ತಿ ಕಡೆಯಲು ಹೋಗಬೇಡಿ, ಮೂಗು, ಬೆರಳು ಎದ್ದು ಹೋಗುತ್ತವೆ. ಹಾಸುಗಲ್ಲು, ತೆಳು ಕೆತ್ತನೆಗೆ ಮಾತ್ರ ಚೆಂದ. ನಮ್ಮ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯ ಹಳೆಯ ಬೌದ್ಧ ಸ್ತೂಪದ್ದೂ ಸುಣ್ಣದ ಕಲ್ಲಿನ ಚಪ್ಪಡಿಗಳೇ. ಅಶೋಕನ ಚಿತ್ರ, ಪಕ್ಕದಲ್ಲಿ ‘ರಾಯೋ ಅಸೋಕೋ’ (ರಾಜ ಅಶೋಕ) ಅಂತ ಬ್ರಾಹ್ಮಿ ಅಕ್ಷರ, ಇವತ್ತಿಗೂ ಕಾಣುತ್ತವೆ. ಪಾಲಿಶ್ ಮಾಡಿಸಬೇಡಿ, ಮಳೆಗೆ ಜಾರುತ್ತದೆ.

ಕಲ್ಲಿಗಿಂತ ಮಣ್ಣಿನ ಚಿಂತೆ ದೊಡ್ಡದು. ನಿಮ್ಮದು ಎರೆ ಮಣ್ಣಾದರೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಸುಮ್ನೆ ಮೇಲೆ ಹಾಸಿದರೆ ಎರಡನೇ ಮಳೆಗೇ ಕಲ್ಲುಗಳು ಏರುಪೇರು. ಆ ಮಣ್ಣು ತೆಗೆಸಿ, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿ, ನೀರು ಹಾಕಿ ದಮ್ಮಸ್ ಮಾಡಿಸಿ, ಅಂದರೆ ಬಡಿಸಿ ಗಟ್ಟಿ ಮಾಡಿಸಿ. ಬೇವಿನ ಬುಡದಲ್ಲಿ ಮಾತ್ರ ಆಳ ಅಗೆಯಬೇಡಿ, ಬೇರು ಕಡಿದರೆ ನೆರಳೇ ಹೋಯಿತು.

ಪ್ರಶ್ನೆ ಕೇಳಿದವರು
ಬೇರಿನ ಮಾತು ನನಗೆ ಹೊಳೆದೇ ಇರಲಿಲ್ಲ ಅಣ್ಣಾ. ಹಾಗಾದರೆ ಮರದ ಸುತ್ತ ಕಲ್ಲು ಬಿಟ್ಟು, ದಾರಿಯನ್ನೇ ಸ್ವಲ್ಪ ಹೊರಗೆ ಬಾಗಿಸುತ್ತೇನೆ. ಚಪ್ಪಡಿ ಮೇಲೆ ಮಕ್ಕಳ ಕೈಯಲ್ಲೇ ತೆಳುವಾಗಿ ತೊಗರಿ ಗಿಡ, ಜೋಳದ ತೆನೆ ಕೆತ್ತಿಸಬೇಕು ಅಂತಿದ್ದೇನೆ. ಅದಕ್ಕೆ ಎಷ್ಟು ದಪ್ಪದ ಕಲ್ಲು ತರಿಸಲಿ?