ನದಿ ಪಕ್ಕದ ಬಾವಿಯಲ್ಲಿ ಇಳಿತ ನಿಂತರೆ ನದಿಯೇ ಕಾರಣವೇ?

ಪ್ರಶ್ನೆ: ನದಿಯಿಂದ 100 ಮೀಟರ್ ದೂರದಲ್ಲಿ, 20 ಮೀಟರ್ ದಪ್ಪದ ಮರಳು-ಜಲ್ಲಿ ಪದರಕ್ಕೆ ಸಾಲಾಗಿ ಬಾವಿಗಳನ್ನು ಕೊರೆಸಿದ್ದೇವೆ. ಪಂಪಿಂಗ್ ಪರೀಕ್ಷೆಯಲ್ಲಿ ವೀಕ್ಷಣಾ ಬಾವಿಯ ಮಟ್ಟ ಸ್ವಲ್ಪ ಹೊತ್ತು ಇಳಿದು, ನಾಲ್ಕೈದು ಗಂಟೆಗೆ ನಿಂತುಬಿಟ್ಟಿತು. ನದಿ ನೀರು ಬಂದು ಸೇರಿತು, ಇನ್ನು ಪರೀಕ್ಷೆ ಸಾಕು ಎನ್ನುತ್ತಾರೆ ಗುತ್ತಿಗೆದಾರರು. ಒಪ್ಪಬಹುದೇ ಸರ್?

ಉತ್ತರ: ಒಪ್ಪಬೇಡಿ. ಮೇಲೆ ಜೇಡಿಯ ಹೊದಿಕೆ ಇಲ್ಲದ ಪದರದಲ್ಲಿ ಇಳಿತ ನಿಲ್ಲುವುದಕ್ಕೆ ನದಿಯೇ ಬೇಕಿಲ್ಲ. ಮಟ್ಟ ಕುಸಿದಾಗ ಮರಳಿನ ಸಂದುಗಳಲ್ಲಿ ಉಳಿದ ನೀರು ತಡವಾಗಿ ಬಸಿಯುತ್ತದೆ. ಆ ಬಸಿಯುವಿಕೆ ಮುಗಿಯುವವರೆಗೆ ಮಟ್ಟ ನಿಂತಂತೆ ಕಾಣುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ನದಿಯ ಆಸರೆ ಸಿಕ್ಕಿದ್ದರೆ ಹಾಗೆ ಇಳಿಯುವುದಿಲ್ಲ. ವ್ಯತ್ಯಾಸ ತಿಳಿಯಬೇಕಾದರೆ ಪಂಪು ಓಡುತ್ತಲೇ ಇರಬೇಕು. 72 ಗಂಟೆ ಓಡಿಸಿ.

ಒಂದು ಒರಟು ಲೆಕ್ಕ ಹಾಕೋಣ. ಪದರದ ವಾಹಕತೆ (ನೀರನ್ನು ಹಾಯಲು ಬಿಡುವ ಗುಣ) ದಿನಕ್ಕೆ 50 ಮೀಟರ್ ಎಂದುಕೊಂಡರೆ, ದಪ್ಪದಿಂದ ಗುಣಿಸಿದಾಗ ಸಾಗಣೆ ಸಾಮರ್ಥ್ಯ ದಿನಕ್ಕೆ 1000 ಚದರ ಮೀಟರ್. ಪದರದ ಗಾತ್ರದಲ್ಲಿ ಬಸಿಯುವ ನೀರಿನ ಪಾಲು 0.2 ಇರಲಿ. ದೂರದ ವರ್ಗವನ್ನು ಈ ಪಾಲಿನಿಂದ ಗುಣಿಸಿ ಸಾಮರ್ಥ್ಯದಿಂದ ಭಾಗಿಸಿದರೆ 2 ದಿನ ಬರುತ್ತದೆ. ಗ್ಲೋವರ್ ಮತ್ತು ಬಾಲ್ಮರ್ 1954ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಅಷ್ಟು ಕಾಲ ಕಳೆದಾಗ ಪಂಪಿನ ನೀರಿನಲ್ಲಿ ಸುಮಾರು ಅರ್ಧದಷ್ಟು ನದಿಯ ಲೆಕ್ಕಕ್ಕೆ ಸೇರುತ್ತದೆ, ಅಂದರೆ ನದಿ ಅಷ್ಟು ನೀರನ್ನು ಪದರಕ್ಕೆ ಕಳೆದುಕೊಳ್ಳುತ್ತಿರುತ್ತದೆ. ಐದು ಗಂಟೆಗೆ ಅದು ಶೇಕಡಾ 3ನ್ನೂ ಮುಟ್ಟುವುದಿಲ್ಲ. ಬಾವಿ 500 ಮೀಟರ್ ದೂರವಿದ್ದರೆ 2 ದಿನದ ಜಾಗದಲ್ಲಿ 50 ದಿನ.

ಮರುಪ್ರಶ್ನೆ: ಬಾವಿ ನೀರಿನ ವಿದ್ಯುತ್ ವಾಹಕತೆ ಅಳೆದರೆ ಬೇಗ ಗೊತ್ತಾಗುವುದಿಲ್ಲವೇ? ನದಿಯದು ಬಹಳ ಕಡಿಮೆ ಇದೆ.

ಉತ್ತರ: ಅಳೆಯಿರಿ, ಆದರೆ ಪರೀಕ್ಷೆಯ ಅವಧಿಯಲ್ಲಿ ಬದಲಾವಣೆ ಕಾಣಲಿಲ್ಲವೆಂದು ನದಿಯ ಸಂಬಂಧವೇ ಇಲ್ಲ ಎನ್ನಬೇಡಿ. ನದಿಗೆ ಮೊದಲು ಮುಟ್ಟುವುದು ಒತ್ತಡದ ಬದಲಾವಣೆ. ನದಿಯ ನೀರು ಬಾವಿಗೆ ನಡೆದು ಬರುವುದು ಬಹಳ ನಿಧಾನ. ನೀರಿನ ಮಟ್ಟಕ್ಕೆ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು, ಸಂದುಗಳ ಪಾಲು 0.25 ಇದ್ದರೆ ನೀರು ದಿನಕ್ಕೆ 2 ಮೀಟರ್ ಸಾಗುತ್ತದೆ, ಅಂದರೆ ನಿಮ್ಮ ಬಾವಿಗೆ 50 ದಿನ. ಬಾವಿಯ ಹತ್ತಿರ ಇಳಿಜಾರು ಕಡಿದಾಗುವುದರಿಂದ ಸ್ವಲ್ಪ ಬೇಗವೂ ಬರಬಹುದು. (ಈ ನಿಧಾನವೇ ನೀರನ್ನು ಸೋಸುವುದು, ಅದಕ್ಕಾಗಿ ಅವಸರಪಡಬೇಡಿ.)

ಮರುಪ್ರಶ್ನೆ: ವರದಿಯಲ್ಲಿ ಸಾಗಣೆ ಸಾಮರ್ಥ್ಯವನ್ನು ಕಾಲಕ್ಕೆ ತಕ್ಕಂತೆ ಇಳಿತ ತೋರಿಸುವ ಗೆರೆಯ ಚಪ್ಪಟೆ ಭಾಗದಿಂದಲೇ ತೆಗೆದಿದ್ದಾರೆ.

ಉತ್ತರ: ಹಾಗಾದರೆ ಆ ಅಂಕಿ ಕೆಲಸಕ್ಕೆ ಬಾರದು. ಗೆರೆ ಚಪ್ಪಟೆಯಾದಷ್ಟೂ, ಇಳಿತದಿಂದ ಸಾಮರ್ಥ್ಯ ತೆಗೆಯುವ ಸೂತ್ರ ಅದನ್ನು ಮಿತಿಯಿಲ್ಲದೆ ಹಿಗ್ಗಿಸುತ್ತದೆ. ಬಸಿಯುವಿಕೆ ಮುಗಿದು ಇಳಿತ ಮತ್ತೆ ಶುರುವಾದ ಭಾಗವನ್ನು ಬಳಸಲಿ; ಶುರುವಾಗದೇ ಹೋದರೆ ನದಿಯಾಚೆ ಅಷ್ಟೇ ದೂರದಲ್ಲಿ ನೀರು ತುಂಬುವ ಕಾಲ್ಪನಿಕ ಬಾವಿಯೊಂದನ್ನು ಇಟ್ಟು ಲೆಕ್ಕ ಮಾಡಲಿ. ಇದರ ಜೊತೆಗೆ ನದಿಯ ತಳದ ಹೂಳನ್ನೂ ನೋಡಿಸಿ. ಗ್ಲೋವರ್-ಬಾಲ್ಮರ್ ಸೂತ್ರ ತಳ ಸ್ವಚ್ಛವಾಗಿದೆ, ನದಿ ಪದರದ ಪೂರ್ಣ ಆಳಕ್ಕೆ ಇಳಿದಿದೆ ಎಂದು ಭಾವಿಸುತ್ತದೆ. ಹೂಳು ಕಟ್ಟಿದ ತಳದಿಂದ ಅಷ್ಟು ನೀರು ಇಳಿಯುವುದಿಲ್ಲ.