ಹಿಬಾಕುಶಾ ಸಾಕ್ಷ್ಯಕ್ಕೆ ಕನ್ನಡ ಸಬ್‌ಟೈಟಲ್: ಈ ಪದಗಳಿಗೆ ಏನು ಹಾಕೋಣ?

ಕೌದಿ:
ಹಿರೋಶಿಮಾ, ನಾಗಸಾಕಿಯ ಹಿಬಾಕುಶಾಗಳ, ಅಂದರೆ 1945ರ ಅಣುಬಾಂಬಿಗೆ ತುತ್ತಾದವರ, ಸಾಕ್ಷ್ಯದ ವಿಡಿಯೊಗಳಿಗೆ ಕನ್ನಡ ಸಾಲು ಬರೆಯುತ್ತಿದ್ದೇವೆ. ನೋಡುವವರು ಪಿಯುಸಿ ಮಕ್ಕಳು. 'ಹಿಬಾಕುಶಾ'ಗೆ 'ಬದುಕುಳಿದವರು' ಸಾಕೇ? 'ಹೈಪೊಸೆಂಟರ್' ಅಂದರೆ 'ಬಾಂಬ್ ಬಿದ್ದ ಜಾಗ' ತಾನೆ? 'ಪಿಕಾದೋನ್' ಏನು ಮಾಡುವುದು?

ಶಬ್ದಸಂತೆ:
'ಹಿಬಾಕುಶಾ' ಹಾಗೇ ಇರಲಿ. ಮೊದಲ ಸಲ ಬಂದಾಗ 'ಬಾಂಬಿನ ಹೊಡೆತ ಉಂಡವರು' ಎಂದು ಬಿಡಿಸಿ ಹೇಳಿ. ಬದುಕಿ ಉಳಿದ ಮಾತು ಆ ಪದದಲ್ಲೇ ಇಲ್ಲ. ಜಪಾನಿನ ಕಾನೂನಿನ ಪ್ರಕಾರ ಆ ಹೊತ್ತಿಗೆ ಊರಲ್ಲಿದ್ದವರಷ್ಟೇ ಅಲ್ಲ, ಎರಡು ವಾರದೊಳಗೆ ಸ್ಫೋಟಕೇಂದ್ರದಿಂದ (ಹೈಪೊಸೆಂಟರ್) ಸುಮಾರು 2 ಕಿ.ಮೀ. ಒಳಗೆ ಕಾಲಿಟ್ಟವರು, ಗಾಯಾಳುಗಳನ್ನು ನೋಡಿಕೊಂಡವರು, ಆಗ ತಾಯಿಯ ಹೊಟ್ಟೆಯಲ್ಲಿದ್ದವರೂ ಹಿಬಾಕುಶಾಗಳೇ.

'ಬಾಂಬ್ ಬಿದ್ದ ಜಾಗ' ಬೇಡವೇ ಬೇಡ. ಅದು ನೆಲ ಮುಟ್ಟಲಿಲ್ಲ. ಹಿರೋಶಿಮಾದಲ್ಲಿ ಸುಮಾರು 600 ಮೀಟರ್, ನಾಗಸಾಕಿಯಲ್ಲಿ ಸುಮಾರು 500 ಮೀಟರ್ ಮೇಲೆ ಸಿಡಿಯಿತು. ಅದರ ನೇರ ಕೆಳಗಿನ ನೆಲವೇ ಸ್ಫೋಟಕೇಂದ್ರ, ದೂರ ಅಳೆಯುವುದು ಅಲ್ಲಿಂದ. ಸಾಲು ಉದ್ದವಾಯಿತೆಂದು ಆ ದೂರವನ್ನು ಕತ್ತರಿಸಬೇಡಿ. ತಾನಿಗುಚಿ ಸುಮಿತೆರು 16ರ ವಯಸ್ಸಿನಲ್ಲಿ ನಾಗಸಾಕಿಯಲ್ಲಿ ಸೈಕಲ್ ಮೇಲೆ ಟಪಾಲು ಹಂಚುತ್ತಿದ್ದರು, 1.8 ಕಿ.ಮೀ. ದೂರದಲ್ಲಿ. ಬೆನ್ನು ಪೂರ್ತಿ ಸುಟ್ಟು 1 ವರ್ಷ 9 ತಿಂಗಳು ಬೋರಲಾಗಿ ಮಲಗಿದ್ದರು. ಆ 1.8 ಬಿಟ್ಟುಹೋದರೆ ಮಕ್ಕಳು ಅವರು ಬಾಂಬಿನ ಪಕ್ಕದಲ್ಲೇ ಇದ್ದರೆಂದುಕೊಳ್ಳುತ್ತಾರೆ.

ಹೊಂಗೆ ನೆರಳು:
'ಪಿಕಾದೋನ್' ಎಂದರೆ ಅವರ ಮಾತಿನಲ್ಲಿ ಅಣುಬಾಂಬ್: 'ಪಿಕಾ' ಬೆಳಕು, 'ದೋನ್' ಸದ್ದು. ತೀರ ಹತ್ತಿರವಿದ್ದವರಲ್ಲಿ ಅನೇಕರಿಗೆ ಸದ್ದು ಕೇಳಿದ ನೆನಪೇ ಇಲ್ಲ, ಬರೀ 'ಪಿಕಾ' ಅನ್ನುತ್ತಾರೆ. 'ಪಿಕಾ', 'ಪಿಕಾದೋನ್' ಎರಡಕ್ಕೂ 'ಸ್ಫೋಟ' ಎಂದು ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. 'ಫಳ್', 'ಫಳ್-ಢಂ' ಹಾಕಿ, ನಮ್ಮ ಭಾಷೆಯಲ್ಲಿ ಅನುಕರಣ ಪದಗಳಿಗೇನು ಬರವೇ?

'ನೀರು, ನೀರು ಕೊಡಿ' ಎಷ್ಟು ಸಲ ಬರುತ್ತದೋ ಅಷ್ಟೂ ಸಲ ಬರೆಯಿರಿ. ಸುಟ್ಟವರಿಗೆ ನೀರು ಕೊಟ್ಟರೆ ಸಾಯುತ್ತಾರೆಂದು ಆಗ ಹೇಳುತ್ತಿದ್ದರು. ಕೊಡದೆ ಬಂದವರು ಆ ಮಾತಿಗೆ ಬಂದಾಗ ತಡೆದು ನಿಲ್ಲುವುದುಂಟು. ಆ ಮೌನದ ಮೇಲೆ ಮುಂದಿನ ಸಾಲು ತರಬೇಡಿ, ತೆರೆ ಖಾಲಿ ಬಿಡಿ.

ಇನ್ನೊಂದು: ಹಿರೋಶಿಮಾದ ಸುಮಾರು 1,40,000 ಸಾವು 1945ರ ಕೊನೆಯವರೆಗಿನ ಅಂದಾಜು. 'ಒಂದೇ ದಿನ' ಎಂದು ಸೇರಿಸಿದರೆ, ಮೈಮೇಲೆ ಗಾಯವಿಲ್ಲದೆ, ವಿಕಿರಣದಿಂದ ಕೂದಲು ಉದುರಿ, ಒಸಡಿನಿಂದ ರಕ್ತ ಸೋರಿ ವಾರಗಳ ನಂತರ ಸತ್ತವರು ಲೆಕ್ಕದಿಂದಲೇ ಮಾಯ.

ಕೌದಿ:
ಧನ್ಯವಾದ. ಕೊನೆಯಲ್ಲಿ ಬರುವ 'ಅಬಾಲಿಶನ್'ಗೆ 'ಅಣ್ವಸ್ತ್ರ ಕಡಿತ' ಹಾಕಿದ್ದೆವು.

ಶಬ್ದಸಂತೆ:
ದಯವಿಟ್ಟು ಬದಲಿಸಿ. ಅವರು ಹೇಳುವ 'ಹೈಜೆತ್ಸು' ಎಂದರೆ ಒಂದನ್ನೂ ಉಳಿಸದೆ ತೆಗೆಯುವುದು, ಅಂದರೆ 'ನಿರ್ಮೂಲನೆ'. 1956ರಲ್ಲಿ ಹುಟ್ಟಿ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ, ಹಿಬಾಕುಶಾಗಳ ಸಂಘಟನೆ ನಿಹೋನ್ ಹಿದಾಂಕ್ಯೊ ಕೇಳುತ್ತಿರುವುದೂ ಅದನ್ನೇ. ಒಪ್ಪಂದಗಳ ಹೆಸರೂ ಕಲಸಿಹೋಗದಿರಲಿ: 1970ರಿಂದ ಜಾರಿಯಲ್ಲಿರುವುದು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ. 2021ರ ಜನವರಿ 22ರಂದು ಜಾರಿಗೆ ಬಂದದ್ದು ಅಣ್ವಸ್ತ್ರ ನಿಷೇಧ ಒಪ್ಪಂದ, 'ಹಿಬಾಕುಶಾ' ಪದ ಅದರ ಪೀಠಿಕೆಯಲ್ಲೇ ಇದೆ. ಭಾರತದ ಸಹಿ ಇದೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಎರಡಕ್ಕೂ ಇಲ್ಲ. ಜಪಾನ್ ಮೊದಲನೆಯದರಲ್ಲಿದೆ, ಎರಡನೆಯದರಲ್ಲಿ ಇಲ್ಲ.