5060 ಟಿಐ ಅಥವಾ 9060 ಎಕ್ಸ್‌ಟಿ: ಯಾವ ಬ್ರ್ಯಾಂಡ್ ಕಾರ್ಡ್ ತಗೊಳ್ಳಲಿ? (ಬಿ450 ಬೋರ್ಡ್, 550 ವ್ಯಾಟ್)

ದಾವಣಗೆರೆ_ಬಿಲ್ಡ್:

ಎಲ್ಲರಿಗೂ ನಮಸ್ಕಾರ. ಹಳೇ ಜಿಟಿಎಕ್ಸ್ 1650 ತೆಗೆದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಈಗ ಇರೋದು ರೈಜೆನ್ 5 5600, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4, 550 ವ್ಯಾಟ್‌ನ ಬ್ರಾಂಜ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಕ್ಯಾಬಿನೆಟ್‌ನಲ್ಲಿ ಕಾರ್ಡ್‌ಗೆ 310 ಮಿ.ಮೀ. ಜಾಗ ಇದೆ. ಮಾನಿಟರ್ 1440ಪಿ, 165 ಹರ್ಟ್ಜ್. ಹೆಚ್ಚಾಗಿ ಆಡೋದು ವ್ಯಾಲೊರೆಂಟ್, ಜೊತೆಗೆ ಸೈಬರ್‌ಪಂಕ್ 2077 ತರಹದ ಭಾರೀ ಗೇಮ್‌ಗಳು.

ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಅಥವಾ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಅನ್ನೋವರೆಗೆ ಬಂದಿದ್ದೇನೆ. ಅಲ್ಲಿಂದ ಮುಂದೆ ತಲೆ ಓಡ್ತಿಲ್ಲ. ಒಂದೇ ಚಿಪ್‌ಗೆ ಆಸುಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್, ಪವರ್‌ಕಲರ್ ಅಂತ ಅಷ್ಟು ಹೆಸರು, ಬೆಲೆಯಲ್ಲೂ ಸಾವಿರಾರು ರೂಪಾಯಿ ವ್ಯತ್ಯಾಸ. ಮೂರು ಫ್ಯಾನ್ ಇರೋದೇ ಬೇಕಾ? ಕೆಟ್ಟರೆ ದಾವಣಗೆರೆಯಿಂದ ಸರ್ವಿಸ್‌ಗೆ ಕಳಿಸೋದು ಹೇಗೆ?

ಫ್ರೇಮ್‌ಟೈಮ್:

ಪೆಟ್ಟಿಗೆ ಮೇಲಿನ ಹೆಸರಿಗಿಂತ ಮೊದಲು ನಿಮ್ಮ ಬಿ450 ಬೋರ್ಡ್ ಏನು ಹೇಳುತ್ತೆ ನೋಡೋಣ. ಈ ಆಯ್ಕೆಯಲ್ಲಿ ಹೆಚ್ಚಿನ ಜನ ತಪ್ಪೋದು ಅಲ್ಲೇ.

ಬಿ450ಯ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 3.0, ಅಂದರೆ ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕದ ಹಳೇ ಪೀಳಿಗೆ. 5060 ಟಿಐ ಉಪಯೋಗಿಸೋದು 8 ಲೇನ್ (ಡೇಟಾ ಹರಿಯೋ ದಾರಿ) ಮಾತ್ರ, 9060 ಎಕ್ಸ್‌ಟಿ ಪೂರ್ತಿ 16 ಲೇನ್ ಬಳಸುತ್ತೆ. ಹೊಸ ಬೋರ್ಡ್‌ನಲ್ಲಿ ಇದು ಲೆಕ್ಕಕ್ಕೇ ಬರಲ್ಲ. ನಿಮ್ಮದರಲ್ಲಿ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ, 16 ಲೇನ್ ಅಂದರೆ ಸುಮಾರು 16 ಜಿಬಿ. ಗೇಮ್‌ಗೆ ಬೇಕಾದ್ದೆಲ್ಲ ಕಾರ್ಡ್‌ನ ಮೆಮೊರಿಯಲ್ಲೇ ಹಿಡಿಸಿದರೆ ಈ ದಾರಿಯ ಅಗಲ ಹೆಚ್ಚು ಕಾಡಲ್ಲ. 8 ಜಿಬಿ ಕಾರ್ಡ್‌ನಲ್ಲಿ 1440ಪಿ ಹೈ ಟೆಕ್ಸ್ಚರ್ ಹಾಕಿದಾಗ ಮೆಮೊರಿ ತುಂಬಿ, ಉಳಿದದ್ದು ಸಿಸ್ಟಂ ರ್‍ಯಾಮ್‌ನಿಂದ ಆ ಸ್ಲಾಟ್ ಮೂಲಕ ಬರಬೇಕಾಗುತ್ತೆ. 5060 ಟಿಐ ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಓದುತ್ತೆ. ಅದು ಏಕಾಏಕಿ 8ಕ್ಕೆ ಇಳಿದಾಗ ಸರಾಸರಿ ಎಫ್‌ಪಿಎಸ್ ಚೆನ್ನಾಗೇ ತೋರಿಸಿದರೂ ಆಟ ತಡೆತಡೆದು ಓಡುತ್ತೆ. ಟೆಕ್ಸ್ಚರ್‌ಗಳು ಮಸುಕಾಗಿ ತಡವಾಗಿ ಬರೋದೂ ಇದರಿಂದಲೇ.

ಹಾಗಾಗಿ ನಿಮಗೆ 5060 ಟಿಐ 8 ಜಿಬಿ ಬೇಡವೇ ಬೇಡ, ಯಾವ ಬ್ರ್ಯಾಂಡ್ ಆದರೂ ಸರಿ. ಎರಡೂ ಚಿಪ್ 8 ಮತ್ತು 16 ಜಿಬಿಯಲ್ಲಿ ಬರುತ್ತವೆ, ಹೆಸರು ಒಂದೇ. ಆರ್ಡರ್ ಮಾಡೋವಾಗ ಕಣ್ಣಿಟ್ಟು ನೋಡಿ. ಬರೀ ಗೇಮ್‌ಗೆ ಆದರೆ 9060 ಎಕ್ಸ್‌ಟಿ 16 ಜಿಬಿ ನಿಮ್ಮ ಬೋರ್ಡ್‌ಗೆ ಸರಿಯಾದ ಜೋಡಿ. ಕಡಿಮೆ ರೆಸಲ್ಯೂಶನ್ ಚಿತ್ರವನ್ನು ಹಿಗ್ಗಿಸಿ ಎಫ್‌ಪಿಎಸ್ ಏರಿಸೋ ತಂತ್ರ ಎನ್ವಿಡಿಯಾದಲ್ಲಿ ಡಿಎಲ್‌ಎಸ್‌ಎಸ್, ಎಎಂಡಿಯಲ್ಲಿ ಎಫ್‌ಎಸ್‌ಆರ್ 4. ಡಿಎಲ್‌ಎಸ್‌ಎಸ್ ಇರೋ ಗೇಮ್‌ಗಳು ಎಫ್‌ಎಸ್‌ಆರ್ 4 ಇರೋದಕ್ಕಿಂತ ಬಹಳ ಹೆಚ್ಚು, ಸೈಬರ್‌ಪಂಕ್‌ನ ಪಾಥ್ ಟ್ರೇಸಿಂಗ್‌ನಲ್ಲೂ (ಬೆಳಕಿನ ಚಲನೆಯನ್ನು ಪೂರ್ತಿ ಲೆಕ್ಕ ಹಾಕೋ ಭಾರೀ ಮೋಡ್) ಅದೇ ಮುಂದು. ಅದು ಮುಖ್ಯ ಅನಿಸಿದರೆ 5060 ಟಿಐ 16 ಜಿಬಿ ತಗೊಳ್ಳಿ. ಮೆಮೊರಿ ತುಂಬದೇ ಇರೋದರಿಂದ 3.0 ಸ್ಲಾಟ್‌ನಲ್ಲೂ ನಷ್ಟ ಸಾಮಾನ್ಯವಾಗಿ ಕಡಿಮೆಯೇ.

ಅಗ್ಗಕ್ಕೆ ಸಿಗುತ್ತೆ ಅಂತ ಇಂಟೆಲ್ ಬಿ580 ಕಡೆ ಹೋಗಬೇಡಿ. ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕುತ್ತೆ, 5600 ಜೊತೆ ಎಷ್ಟೋ ಗೇಮ್‌ಗಳಲ್ಲಿ ಅದರ ಪೂರ್ತಿ ಶಕ್ತಿ ಹೊರಬರಲ್ಲ.

ಸೋಲ್ಡರ್_ಬೆಂಚ್:

ಮೇಲಿನ ಮಾತು ಸರಿ. ಬ್ರ್ಯಾಂಡ್ ವಿಷಯ ನಾನು ಹೇಳ್ತೀನಿ.

ಚಿಪ್ಪು ಮಾಡಿಸೋದು ಎನ್ವಿಡಿಯಾ ಅಥವಾ ಎಎಂಡಿ. ಆಸುಸ್, ಝೋಟ್ಯಾಕ್ ಮುಂತಾದವರು ಕೊಡೋದು ಬೋರ್ಡು, ಹೀಟ್‌ಸಿಂಕ್, ಫ್ಯಾನ್, ವಾರಂಟಿ. ಝೋಟ್ಯಾಕ್, ಪಾಲಿಟ್, ಇನ್ನೋ3ಡಿ ಎನ್ವಿಡಿಯಾ ಕಾರ್ಡ್ ಮಾಡುತ್ತವೆ. ಸಫೈರ್, ಪವರ್‌ಕಲರ್, ಎಕ್ಸ್‌ಎಫ್‌ಎಕ್ಸ್ ಎಎಂಡಿ ಕಡೆಯವು. ಆಸುಸ್, ಗಿಗಾಬೈಟ್ ಎರಡನ್ನೂ ಮಾಡುತ್ತವೆ. ಎಂಎಸ್‌ಐ 9060 ಎಕ್ಸ್‌ಟಿ ಮಾಡಿಲ್ಲ, ಹುಡುಕಬೇಡಿ.

"ಯಾವ ಕಂಪನಿ ಒಳ್ಳೇದು" ಅನ್ನೋದಕ್ಕಿಂತ "ಆ ಕಂಪನಿಯ ಯಾವ ಸಾಲಿನ ಕಾರ್ಡು" ಅಂತ ಕೇಳಬೇಕು. ಆಸುಸ್‌ನಲ್ಲಿ ಡ್ಯುಯಲ್ ಕೆಳಗಿನದು, ಪ್ರೈಮ್ ನಡುವಿನದು, ಟಫ್ ಮೇಲಿನದು. ಗಿಗಾಬೈಟ್‌ನಲ್ಲಿ ವಿಂಡ್‌ಫೋರ್ಸ್, ಈಗಲ್, ಗೇಮಿಂಗ್ ಓಸಿ, ಆರಸ್ ಹೀಗೆ ಮೇಲಕ್ಕೆ ಹೋಗುತ್ತೆ. ಎಂಎಸ್‌ಐನಲ್ಲಿ ವೆಂಟಸ್ ಕೆಳಗೆ, ಗೇಮಿಂಗ್ ಟ್ರಿಯೋ ಮೇಲೆ. ಸಫೈರ್‌ನಲ್ಲಿ ಪಲ್ಸ್, ಪ್ಯೂರ್, ನೈಟ್ರೋ ಪ್ಲಸ್. ಪವರ್‌ಕಲರ್‌ನಲ್ಲಿ ರೀಪರ್, ಹೆಲ್‌ಹೌಂಡ್. ಒಂದೇ ಕಂಪನಿಯ ಕೆಳಗಿನ ಕಾರ್ಡಿಗೂ ಮೇಲಿನದಕ್ಕೂ ಇರೋ ಅಂತರ, ಎರಡು ಕಂಪನಿಗಳ ಸಮ ಮಟ್ಟದ ಕಾರ್ಡ್‌ಗಳ ಅಂತರಕ್ಕಿಂತ ದೊಡ್ಡದು.

ಆ ಅಂತರ ಇರೋದು ಸದ್ದಿನಲ್ಲಿ, ತಾಪದಲ್ಲಿ. ವೇಗದಲ್ಲಿ ಅಲ್ಲ. ಕಾರ್ಖಾನೆಯ ಓವರ್‌ಕ್ಲಾಕ್‌ನಿಂದ ಸಿಗೋದು ಶೇ. 1ರಿಂದ 3. ಹಾಗಾಗಿ ಅದೇ ಚಿಪ್‌ನ ಅತಿ ಕಡಿಮೆ ಬೆಲೆಯ ಒಳ್ಳೇ ಮಾದರಿಗಿಂತ ಶೇ. 8–10ಕ್ಕೂ ಹೆಚ್ಚು ಕೊಡಬೇಡಿ. ಅದಕ್ಕೂ ಮೇಲೆ ಹೋಗೋ ದುಡ್ಡನ್ನು ಮುಂದಿನ ಚಿಪ್‌ಗೆ ಕೂಡಿಡೋದು ವಾಸಿ.

ಮೂರು ಫ್ಯಾನ್ ಬೇಕಾಗಿಲ್ಲ. 9060 ಎಕ್ಸ್‌ಟಿ 16 ಜಿಬಿ 160 ವ್ಯಾಟ್, 5060 ಟಿಐ 180 ವ್ಯಾಟ್. ಇಷ್ಟಕ್ಕೆ 240–250 ಮಿ.ಮೀ. ಉದ್ದದ, ದಪ್ಪ ಹೀಟ್‌ಸಿಂಕ್ ಇರೋ ಎರಡು ಫ್ಯಾನ್ ಸಾಕು. ಒಂದೇ ಫ್ಯಾನ್‌ನ ಪುಟ್ಟ ಮಾದರಿ ಮಾತ್ರ ಬೇಡ. ರಿವ್ಯೂ ನೋಡೋವಾಗ ಕೋರ್ ತಾಪದ ಜೊತೆ ಮೆಮೊರಿ ತಾಪವನ್ನೂ, ಫ್ಯಾನ್ ಎಷ್ಟು ಆರ್‌ಪಿಎಂನಲ್ಲಿ ತಿರುಗ್ತಿದೆ ಅನ್ನೋದನ್ನೂ ನೋಡಿ. 65 ಡಿಗ್ರಿ ಅಂತ ಹೆಮ್ಮೆಯಿಂದ ಬರೆದಿದ್ದು ಫ್ಯಾನ್ 2,500ರಲ್ಲಿ ಕಿರುಚುತ್ತಿದ್ದರೆ ಏನು ಬಂತು. ಇನ್ನೊಂದು, ಆ ಪರೀಕ್ಷೆಗಳು ಬಹುತೇಕ 20–25 ಡಿಗ್ರಿ ಕೋಣೆಯಲ್ಲಿ ಆಗಿರುತ್ತವೆ. ಏಪ್ರಿಲ್‌ನಲ್ಲಿ ನಿಮ್ಮ ಕೋಣೆ 35 ಇದ್ದರೆ ಕಾರ್ಡಿನ ತಾಪಕ್ಕೂ ಹೆಚ್ಚುಕಮ್ಮಿ ಆ ಹತ್ತು ಹನ್ನೆರಡು ಡಿಗ್ರಿ ಸೇರಿಸಿಕೊಳ್ಳಿ.

ರಿಪೇರಿಗೆ ಹೆಚ್ಚು ಬರೋದು ಫ್ಯಾನ್. ಧೂಳು ಕೂತು ಬೇರಿಂಗ್ ಒಣಗುತ್ತೆ, ಮೊದಲು ಗರಗರ ಸದ್ದು, ಆಮೇಲೆ ನಿಂತೇ ಹೋಗುತ್ತೆ. ಎರಡು ಬಾಲ್ ಬೇರಿಂಗ್‌ನ ಫ್ಯಾನ್ ಇರೋ ಮಾದರಿ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು. ಎರಡನೇದು ಚಿಪ್ಪು ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಪಕ್ಕಕ್ಕೆ ಜಾರೋದು. ಎಎಂಡಿಯಲ್ಲಿ ಕೋರ್ ಮತ್ತು ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ನಡುವೆ ಅಂತರ 25–30 ಡಿಗ್ರಿ ದಾಟಿದರೆ ಅದೇ ಅಂತ ಅನುಮಾನ ಪಡಿ. ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಓದು ಸಿಗಲ್ಲ. ಅಲ್ಲಿ ಮೆಮೊರಿ ತಾಪ ಮತ್ತು ಫ್ಯಾನ್ ವೇಗ ತಿಂಗಳಿಂದ ತಿಂಗಳಿಗೆ ಏರ್ತಿದೆಯಾ ಅಂತ ಗಮನಿಸಬೇಕು.

ದಾವಣಗೆರೆ_ಬಿಲ್ಡ್:

ಇಬ್ಬರಿಗೂ ಧನ್ಯವಾದ ಸರ್. 8 ಜಿಬಿ ಪಟ್ಟಿಯಿಂದ ತೆಗೆದೆ. ಎರಡು ಸಂಗತಿ ಬಿಟ್ಟುಹೋಗಿತ್ತು. ತಂಗಿ ಇದೇ ಕಂಪ್ಯೂಟರ್‌ನಲ್ಲಿ ಬ್ಲೆಂಡರ್ (3ಡಿ ಸಾಫ್ಟ್‌ವೇರ್) ಕಲೀತಿದ್ದಾಳೆ. ಮತ್ತೆ ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತೆ, ಇರೋದು 600 ವಿಎ ಯುಪಿಎಸ್. 550 ವ್ಯಾಟ್ ಎಸ್‌ಎಂಪಿಎಸ್ ತಡೆಯುತ್ತಾ?

ಫ್ರೇಮ್‌ಟೈಮ್:

ಬ್ಲೆಂಡರ್ ಇದ್ದರೆ ತಕ್ಕಡಿ ಎನ್ವಿಡಿಯಾ ಕಡೆ ವಾಲುತ್ತೆ. ಬ್ಲೆಂಡರ್‌ನ ಸೈಕಲ್ಸ್ ರೆಂಡರ್‌ನಲ್ಲಿ ಆಪ್ಟಿಕ್ಸ್ (ಎನ್ವಿಡಿಯಾದ ರೆಂಡರ್ ವೇಗವರ್ಧಕ) ಇರೋ ಆರ್‌ಟಿಎಕ್ಸ್ ಕಾರ್ಡ್ ಅದೇ ದರ್ಜೆಯ ಎಎಂಡಿಗಿಂತ ಸ್ಪಷ್ಟವಾಗಿ ವೇಗ, ಆಡ್-ಆನ್‌ಗಳ ತಕರಾರೂ ಕಡಿಮೆ. ತಂಗಿ ನಿಜಕ್ಕೂ ರೆಂಡರ್ ಮಾಡ್ತಾಳೆ ಅಂದರೆ 5060 ಟಿಐ 16 ಜಿಬಿ. ಈಗಿನ್ನೂ ಮಾಡೆಲಿಂಗ್ ಮಾತ್ರ ಅಂದರೆ 9060 ಎಕ್ಸ್‌ಟಿಯೇ ಸಾಕು.

ಎಸ್‌ಎಂಪಿಎಸ್ ವಿಷಯ: 5060 ಟಿಐಗೆ ಎನ್ವಿಡಿಯಾ 600 ವ್ಯಾಟ್ ಅಂತ ಬರೆಯುತ್ತೆ, ಅದು ಭಾರೀ ಪ್ರೊಸೆಸರ್‌ಗಳನ್ನೂ ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮಲ್ಲಿ ಕಾರ್ಡ್ 180, 5600ಗೆ ಹೆಚ್ಚೆಂದರೆ 80–90, ಉಳಿದದ್ದಕ್ಕೆ 50. ಒಟ್ಟು 320ರ ಸುತ್ತಮುತ್ತ. ಹೆಸರಾಂತ ಕಂಪನಿಯ ಒಳ್ಳೇ 550 ಆದರೆ ನಡೆಯುತ್ತೆ. ಏಳೆಂಟು ವರ್ಷ ಹಳೇದಾಗಿದ್ದರೆ ಬದಲಾಯಿಸಿ. ಒಂದು 8 ಪಿನ್ ಕೇಬಲ್ 150 ವ್ಯಾಟ್, ಸ್ಲಾಟ್ 75 ವ್ಯಾಟ್ ಕೊಡುತ್ತೆ. ಹಾಗಾಗಿ ಈ ಕಾರ್ಡ್‌ಗಳಿಗೆ ಒಂದೇ 8 ಪಿನ್ ಇರೋ ಮಾದರಿ ಹುಡುಕಿ, ನಿಮ್ಮ ಎಸ್‌ಎಂಪಿಎಸ್‌ಗೆ ಅದೇ ಸರಳ. ಎಸ್‌ಎಂಪಿಎಸ್ ಮಾಡ್ಯುಲರ್ ಆಗಿದ್ದರೆ ಬೇರೆ ಕಂಪನಿಯ ಕೇಬಲ್ ಯಾವ ಕಾರಣಕ್ಕೂ ಹಾಕಬೇಡಿ. ತುದಿ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಬೇರೆ ಇರುತ್ತೆ, ಕಾರ್ಡ್ ಕ್ಷಣದಲ್ಲಿ ಸುಡುತ್ತೆ.

600 ವಿಎ ಯುಪಿಎಸ್ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಸೇರಿದರೆ ಗೇಮ್ ನಡುವೆ ಕರೆಂಟ್ ಹೋದ ತಕ್ಷಣ ಅದು ಟ್ರಿಪ್ ಆಗೋ ಸಾಧ್ಯತೆ ಜಾಸ್ತಿ. 1000 ವಿಎ, 600 ವ್ಯಾಟ್‌ನದು ತಗೊಳ್ಳಿ. ಮನೆ ಇನ್ವರ್ಟರ್ ಮೇಲೆ ಓಡಿಸೋದಾದರೆ ಪ್ಯೂರ್ ಸೈನ್ ವೇವ್ ಇರಬೇಕು, ಯುಪಿಎಸ್ ಮೋಡ್‌ನಲ್ಲಿ ಇಟ್ಟಿರಬೇಕು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್‌ಗೆ ಒಗ್ಗಲ್ಲ.

ಕರಾವಳಿ_ಪಿಸಿ:

ಸರ್ವಿಸ್ ಬಗ್ಗೆ ಯಾರೂ ಬರೀಲಿಲ್ಲ, ನಿಮ್ಮ ಊರಿಂದ ನೋಡಿದರೆ ಬ್ರ್ಯಾಂಡ್ ಆರಿಸೋಕೆ ಅದೇ ದೊಡ್ಡ ಕಾರಣ. ಭಾರತದಲ್ಲಿ ಗ್ರಾಫಿಕ್ಸ್ ಕಾರ್ಡ್ ವಾರಂಟಿ ಮೂರು ದಾರಿಯಲ್ಲಿ ನಡೆಯುತ್ತೆ: ಕಂಪನಿಯದೇ ಸರ್ವಿಸ್ ಸೆಂಟರ್, ಆಮದು ಮಾಡಿದ ವಿತರಕರು, ಅಥವಾ ಮಾರಿದ ಅಂಗಡಿಯೇ ಕಳಿಸಿ ತರಿಸೋದು. ಮೂರನೇದನ್ನೇ ನಂಬಿಕೊಂಡರೆ ಅಂಗಡಿ ಮುಚ್ಚಿದ ದಿನ ನಿಮ್ಮ ವಾರಂಟಿ ಪರದಾಟಕ್ಕೆ ಬೀಳುತ್ತೆ. ಕೊಳ್ಳೋ ಮೊದಲೇ ಕಂಪನಿಯ ಭಾರತದ ಸಪೋರ್ಟ್ ಪುಟ ತೆರೆದು, ಗ್ರಾಫಿಕ್ಸ್ ಕಾರ್ಡ್ ಅಂತಲೇ ಆಯ್ಕೆ ಮಾಡಿ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಲ್ಲಿ ಏನು ತೋರಿಸುತ್ತೆ ನೋಡಿ. ಲ್ಯಾಪ್‌ಟಾಪ್ ಸೆಂಟರ್ ಇದೆ ಅಂದಮಾತ್ರಕ್ಕೆ ಅಲ್ಲಿ ಕಾರ್ಡ್ ತಗೋತಾರೆ ಅಂತ ಅಲ್ಲ. ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಗ್ರಾಹಕರು ನೇರವಾಗಿ ಕೊರಿಯರ್ ಮಾಡಬಹುದಾ? ರಿಪೇರಿ ಆಗದಿದ್ದರೆ ಬದಲಿ ಕಾರ್ಡ್ ಕೊಡ್ತೀರಾ, ಇಲ್ಲಾ ಸವಕಳಿ ಕಳೆದು ಕ್ರೆಡಿಟ್ ನೋಟ್ ಕೊಡ್ತೀರಾ?

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಗೊಂಡರೂ ಆನ್‌ಲೈನ್ ತಗೊಂಡರೂ ಜಿಎಸ್‌ಟಿ ಬಿಲ್ ಬೇಕೇ ಬೇಕು, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ. ಪೆಟ್ಟಿಗೆ, ಕಾರ್ಡ್‌ನ ಸ್ಟಿಕ್ಕರ್, ಬಿಲ್, ಮೂರರಲ್ಲೂ ಒಂದೇ ನಂಬರ್ ಇರಬೇಕು. "ಬಿಲ್ ಬೇಡ ಅಂದರೆ ಕಮ್ಮಿಗೆ ಕೊಡ್ತೀನಿ" ಅಂದರೆ ಶೇ. 18 ತೆರಿಗೆ ಉಳಿಸೋಕೆ ಹೋಗಿ ಪೂರ್ತಿ ವಾರಂಟಿ ಕಳಕೊಳ್ತೀರಿ. ದುಬೈ, ಅಮೆರಿಕದಿಂದ ನೆಂಟರ ಕೈಲಿ ತರಿಸೋ ಯೋಚನೆ ಇದ್ದರೆ, ಆ ಸೀರಿಯಲ್‌ಗೆ ಇಲ್ಲಿ ಸರ್ವಿಸ್ ಕೊಡ್ತಾರಾ ಅಂತ ಬರಹದಲ್ಲಿ ತಗೊಂಡೇ ಮುಂದುವರಿಯಿರಿ. ಕೆಲವು ಕಂಪನಿಗಳಲ್ಲಿ, ಝೋಟ್ಯಾಕ್ ಅಂಥದ್ದು, ವೆಬ್‌ಸೈಟ್‌ನಲ್ಲಿ ಗಡುವಿನೊಳಗೆ ನೋಂದಾಯಿಸಿದರೆ ಮಾತ್ರ ಹೆಚ್ಚುವರಿ ವಾರಂಟಿ. ಕಾರ್ಡ್ ಕೈಗೆ ಬಂದ ದಿನವೇ ಮಾಡಿಬಿಡಿ.

ವಾರಂಟಿ ತಿರಸ್ಕರಿಸೋಕೆ ಅವರು ಮೊದಲು ಹುಡುಕೋದು ತುಕ್ಕು, ಸುಟ್ಟ ಗುರುತು, ಬಾಗಿದ ಬೋರ್ಡು, ಹರಿದ ಸ್ಕ್ರೂ ಸ್ಟಿಕ್ಕರ್. ಮಂಗಳೂರು, ಉಡುಪಿ ಕಡೆ ಓದ್ತಿರೋರಿಗೂ ಇದು: ಮಳೆಗಾಲದಲ್ಲಿ ವಾರಗಟ್ಟಲೆ ಬಳಸದೆ ಇಟ್ಟರೆ ಪಿಸಿಐಇ ಬ್ರಾಕೆಟ್, ಎಚ್‌ಡಿಎಂಐ ತುದಿ ಮೊದಲು ತುಕ್ಕು ಹಿಡಿಯುತ್ತೆ. ಆಗಾಗ ಅರ್ಧ ಗಂಟೆ ಆನ್ ಮಾಡಿ. ಬಳಸದ ಪೋರ್ಟ್‌ಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ.

ಫ್ರೇಮ್‌ಟೈಮ್:

ಕಾರ್ಡ್ ಬಂದ ಮೇಲೆ ಮಾಡೋ ಕ್ರಮ ಇದು. ಪೆಟ್ಟಿಗೆ ಬಿಚ್ಚೋದನ್ನು ಕತ್ತರಿಸದೆ ವಿಡಿಯೋ ಮಾಡಿ. ಹೊಸ ಡ್ರೈವರ್ ಇಳಿಸಿಟ್ಟುಕೊಂಡು, ಇಂಟರ್ನೆಟ್ ತೆಗೆದು, ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸೋ ಉಪಕರಣ) ಹಾಕಿ ಹಳೇ ಡ್ರೈವರ್ ಅಳಿಸಿ ಶಟ್‌ಡೌನ್ ಮಾಡಿ. ಎಎಂಡಿಗೆ ಬದಲಾಗೋದಾದರೆ ಇದನ್ನು ಬಿಡಲೇಬೇಡಿ. ಕಾರ್ಡ್ ಕೂತಾಗ ಸ್ಲಾಟ್‌ನ ಕ್ಲಿಪ್ ಟಕ್ ಅನ್ನಬೇಕು. ಮಾನಿಟರ್ ಕೇಬಲ್ ಕಾರ್ಡ್‌ಗೆ ಹಾಕಿ, ವಿಂಡೋಸ್‌ನಲ್ಲಿ 165 ಹರ್ಟ್ಜ್ ಆರಿಸಿ.

ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಮೆಮೊರಿ ಪೂರ್ತಿ ಒಟ್ಟಿಗೆ ಮುಟ್ಟೋಕೆ ಬಿಡೋ ಸೌಲಭ್ಯ) ಆನ್ ಇರಬೇಕು. ಬಿ450ಯಲ್ಲಿ ಅದಕ್ಕೆ ಹೊಸ ಬಯೋಸ್ ಬೇಕಾಗಬಹುದು, ಯುಪಿಎಸ್ ಮೇಲಿದ್ದಾಗಲೇ ಅಪ್‌ಡೇಟ್ ಮಾಡಿ. ಆಮೇಲೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೇ ಬೂಟ್ ವಿಧಾನ) ಆಫ್, ಅಬೋವ್ 4ಜಿ ಡಿಕೋಡಿಂಗ್ ಆನ್, ರೀಸೈಜ್ ಬಾರ್ ಆನ್. ಆದರೆ ವಿಂಡೋಸ್ ಡಿಸ್ಕ್ ಹಳೇ ಎಂಬಿಆರ್ ವಿನ್ಯಾಸದ್ದಾಗಿದ್ದರೆ ಸಿಎಸ್‌ಎಂ ತೆಗೆದ ಕೂಡಲೇ ಬೂಟ್ ಆಗಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮೊದಲು ನೋಡಿ, ಎಂಬಿಆರ್ ಇದ್ದರೆ ಬ್ಯಾಕಪ್ ತೆಗೆದು ವಿಂಡೋಸ್‌ನದೇ ಎಂಬಿಆರ್2ಜಿಪಿಟಿ ಉಪಕರಣದಿಂದ ಬದಲಾಯಿಸಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ನಂತರ ಕಾರ್ಡ್‌ನ ವಿವರ ತೋರಿಸೋ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ. ಬಸ್ ಸಾಲಿನಲ್ಲಿ 9060 ಎಕ್ಸ್‌ಟಿಗೆ x16 @ 3.0, 5060 ಟಿಐಗೆ x8 @ 3.0 ಕಾಣಬೇಕು. ಖಾಲಿ ಕೂತಾಗ ಪಿಸಿಐಇ ಸಂಖ್ಯೆ ಇಳಿದು ತೋರಿಸುತ್ತೆ, ಪಕ್ಕದ ಪ್ರಶ್ನಾರ್ಥಕ ಒತ್ತಿ ಲೋಡ್ ಕೊಟ್ಟು ನೋಡಿ. ಆರ್‌ಒಪಿ (ಪಿಕ್ಸೆಲ್ ಬರೆಯೋ ಘಟಕಗಳ ಸಂಖ್ಯೆ) 9060 ಎಕ್ಸ್‌ಟಿಯಲ್ಲಿ 64, 5060 ಟಿಐಯಲ್ಲಿ 48 ಇರಬೇಕು. ಒಸಿಸಿಟಿ ಅನ್ನೋ ಪರೀಕ್ಷಾ ತಂತ್ರಾಂಶದ ವಿಡಿಯೋ ಮೆಮೊರಿ ಪರೀಕ್ಷೆ ಅರ್ಧ ಗಂಟೆ, ನಿಮ್ಮ ಅತಿ ಭಾರದ ಗೇಮ್ ಎರಡು ಗಂಟೆ ಓಡಿಸಿ. ಮೆಮೊರಿಯಲ್ಲಿ ಒಂದೇ ಒಂದು ಎರರ್ ಬಂದರೂ ಒಪ್ಪಿಕೊಳ್ಳಬೇಡಿ. ಸ್ಕ್ರೀನ್‌ಶಾಟ್ ತೆಗೆದು ಅಂಗಡಿಯ ಬದಲಿ ಅವಧಿಯೊಳಗೇ ವಾಪಸ್ ಕೊಡಿ. ಅದು ಸಾಮಾನ್ಯವಾಗಿ ಏಳು ದಿನ, ಬಿಲ್ ಹಿಂದೆ ಅಚ್ಚಾಗಿರುತ್ತೆ. ಆ ಗಡುವು ದಾಟಿದರೆ ಅಂಗಡಿಯವರು ಸರ್ವಿಸ್ ದಾರಿ ತೋರಿಸುತ್ತಾರೆ, ಹೊಸ ಕಾರ್ಡ್ ಬದಲು ರಿಪೇರಿಯಾದದ್ದೇ ಕೈಗೆ ಬರಬಹುದು.